ಹಳೆಯ ಕಾರಿನ ಆಲ್ಟರ್ನೇಟರು ಮತ್ತು ನಮ್ಮ ಮಳೆಗಾಲ

ಆಟಿ ತಿಂಗಳ ಮಳೆಯಲ್ಲಿ ಚಾರ್ಮಾಡಿ ಘಾಟಿಯನ್ನು ರಾತ್ರಿಯ ಹೊತ್ತು ಇಳಿದವರಿಗೆ ಮೋಟಾರಿನ ದೀಪದ ಬೆಲೆ ಏನೆಂಬುದನ್ನು ಹೇಳಿಕೊಡಬೇಕಾಗಿಲ್ಲ. 2016ನೆಯ ಇಸವಿಯ ಅಂಥದೊಂದು ರಾತ್ರಿ ನಾನೂ ನನ್ನ ಸ್ನೇಹಿತರೊಬ್ಬರೂ ಕೊಟ್ಟಿಗೆಹಾರದಿಂದ ಬೆಳ್ತಂಗಡಿಯ ಕಡೆಗೆ ಇಳಿಯುತ್ತಿದ್ದೆವು. ಗಾಡಿ ಅವರದು. ಎರಡೇ ಆಸನ, ಎರಡೇ ಬಾಗಿಲು, ಮೇಲೆ ಕ್ಯಾನ್ವಾಸಿನ ಮಡಚು ಮುಚ್ಚಳ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಪುಟ್ಟ ಸ್ಪೋರ್ಟ್ಸ್ ಕಾರು. ಸಿದ್ದಕಟ್ಟೆಯ ಅವರ ಮನೆಯಂಗಳದಲ್ಲಿ ಅದು ಬಿಸಿಲಿಗೆ ಹೊಳೆಯುತ್ತ ನಿಂತಿದ್ದರೆ ದಾರಿಹೋಕರು ನಿಂತು ನೋಡಿಯೇ ಮುಂದೆ ಹೋಗುವರು.

ಮೂಡಿಗೆರೆ ಬಿಟ್ಟಾಗಿನಿಂದಲೇ ಕಾರಿನ ರೇಡಿಯೋದಲ್ಲಿ ಒಂದು ಸಣ್ಣ ಕೊರಗು ಕೇಳುತ್ತಿತ್ತು. ವೇಗ ಏರಿದಂತೆ ಅದರ ಶ್ರುತಿಯೂ ಏರುವುದು, ಇಳಿದಂತೆ ಇಳಿಯುವುದು. ಬೆಟ್ಟದ ಮರೆಯಲ್ಲಿ ನಿಲಯ ಸರಿಯಾಗಿ ಸಿಗುತ್ತಿಲ್ಲವೆಂದುಕೊಂಡು ನಾವು ರೇಡಿಯೋವನ್ನೇ ನಿಲ್ಲಿಸಿದೆವು. ಮುಂದಿನ ಫಲಕದ ಕೆಂಪು ದೀಪವೂ ಕಂಡೂ ಕಾಣದಂತೆ ಮಿಣುಕುತ್ತಿತ್ತು. ಅದನ್ನು ಹೊರಗಿನ ಬೆಳಕಿನ ಪ್ರತಿಬಿಂಬವೆಂದು ತಿಳಿದೆವು. ಘಾಟಿಯ ನಡುವೆ ಬರುವಷ್ಟರಲ್ಲಿ ದೊಡ್ಡ ದೀಪಗಳು ಹಳದಿಯಾದವು. ಮಳೆನೀರು ಒರೆಸುವ ವೈಪರು ಆಯಾಸಗೊಂಡವನ ಕೈಯಂತೆ ನಿಧಾನವಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ, ನಡುವೆ ಕುರುಡು ಗಾಡಿ. ಪುಣ್ಯಕ್ಕೆ ಹಿಂದಿನಿಂದ ಬಂದ ಬಸ್ಸಿನ ಚಾಲಕರು ನಿಲ್ಲಿಸಿ, “ಎಂತ ಆಯ್ತು ಸ್ವಾಮೀ?” ಎಂದು ವಿಚಾರಿಸಿದರು. “ದೊಡ್ಡ ಲೈಟು ಆರಿಸಿ. ನನ್ನ ಹಿಂದಿನ ಕೆಂಪು ದೀಪ ನೋಡಿಕೊಂಡು ಮೆಲ್ಲ ಬನ್ನಿ” ಎಂದರು. ಹಾಗೆ ಕೆಳಗಿನ ಚಾರ್ಮಾಡಿ ಊರನ್ನು ಮುಟ್ಟಿದೆವು.

ಮರುದಿನ ಉಜಿರೆಯಲ್ಲಿ ವಿದ್ಯುತ್ ಕೆಲಸದ ಮೆಕ್ಯಾನಿಕರೊಬ್ಬರು ಆಲ್ಟರ್ನೇಟರನ್ನು ಬಿಚ್ಚಿ ನೋಡಿದರು. ಅದರ ಒಳಗಿನ ಡಯೋಡುಗಳಲ್ಲಿ ಎರಡು ಸುಟ್ಟಿದ್ದವು. “ಇಂಜಿನು ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿದ್ದುಂಟೋ?” ಎಂದು ಅವರು ಕೇಳಿದರು. ಸ್ನೇಹಿತರು ಸುಮ್ಮನಾದರು. ಎರಡು ವಾರಗಳ ಹಿಂದೆ, ಚಾರ್ಜು ಆಗುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಅವರು ಮಾಡಿದ್ದು ಅದನ್ನೇ. ಡೈನಮೊ ಇದ್ದ ಕಾಲದಲ್ಲಿ ತಂದೆಯವರು ಹಾಗೆ ಮಾಡುತ್ತಿದ್ದುದನ್ನು ಅವರು ಕಂಡಿದ್ದರು.

ಆ ರಾತ್ರಿ ನಾನು ಕಲಿತ ಪಾಠ ಇಷ್ಟೆ: ಆಲ್ಟರ್ನೇಟರು ವಯಸ್ಸಿನಿಂದ ಸಾಯುವುದು ಅಪರೂಪ. ನೀರು, ಸಡಿಲವಾದ ಕಟ್ಟು, ನಮ್ಮ ಅವಸರದ ಕೈ, ಇವು ಮೂರು ಅದನ್ನು ಕೊಲ್ಲುತ್ತವೆ. ಸಾಯುವ ಮುನ್ನ ಅದು ಎಚ್ಚರಿಕೆ ಕೊಟ್ಟೇ ಕೊಡುತ್ತದೆ. ಆ ಎಚ್ಚರಿಕೆಯನ್ನು ಗುರುತಿಸುವುದು ಯಾವ ಗೃಹಸ್ಥನಿಗೂ ಅಸಾಧ್ಯವಲ್ಲ.

ಮೊದಲು ಈ ಯಂತ್ರದ ಸ್ವರೂಪವನ್ನು ತಿಳಿಯೋಣ. ತಂತಿಯ ಸುರುಳಿಯ ಬಳಿ ಅಯಸ್ಕಾಂತವನ್ನು ಚಲಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದನು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ಯಂತ್ರಗಳೂ ಆಲ್ಟರ್ನೇಟರುಗಳೇ. ಅಲ್ಲಿ ತಿರುಗಿಸುವುದು ನೀರು. ಕಾರಿನಲ್ಲಿ ತಿರುಗಿಸುವುದು ಇಂಜಿನಿಗೆ ಸುತ್ತಿದ ರಬ್ಬರಿನ ಬೆಲ್ಟು. ಕೆಲಸ ಒಂದೇ, ಗಾತ್ರ ಮಾತ್ರ ಬೇರೆ.

ಹಿಂದಿನ ಕಾರುಗಳಲ್ಲಿ ಇದ್ದುದು ಡೈನಮೊ. ಅದರಲ್ಲಿ ವಿದ್ಯುತ್ತನ್ನು ಹುಟ್ಟಿಸುವ ಸುರುಳಿಯೇ ತಿರುಗುವುದು; ಹುಟ್ಟಿದ ಪ್ರವಾಹವೆಲ್ಲ ಇಂಗಾಲದ ಬ್ರಷ್ಷುಗಳ ಮೂಲಕವೇ ಹೊರಗೆ ಬರಬೇಕು. ಆದಕಾರಣ ಅದು ಭಾರ. ಇಂಜಿನು ನಿಧಾನವಾಗಿ ತಿರುಗುವಾಗ ಅದರಿಂದ ಹೆಚ್ಚೇನೂ ದೊರೆಯದು. ಆಲ್ಟರ್ನೇಟರಿನಲ್ಲಿ ವ್ಯವಸ್ಥೆ ತಿರುವುಮುರುವು. ನಡುವಿನಲ್ಲಿ ವಿದ್ಯುತ್ಕಾಂತ ತಿರುಗುತ್ತದೆ. ಸುತ್ತಲಿನ ಸುರುಳಿ ಸ್ಥಿರವಾಗಿ ನಿಂತು ವಿದ್ಯುತ್ತನ್ನು ಕೊಡುತ್ತದೆ. ಬ್ರಷ್ಷುಗಳ ಮೂಲಕ ಹೋಗುವುದು ಕಾಂತಕ್ಕೆ ಬೇಕಾದ ಎರಡು ಮೂರು ಆಂಪಿಯರು ಮಾತ್ರ. ಇಂಜಿನು ಮೆಲ್ಲಗೆ ತಿರುಗುತ್ತಿರುವಾಗಲೂ ಅದು ಬ್ಯಾಟರಿಗೆ ಅಷ್ಟಿಷ್ಟು ತುಂಬುತ್ತಲೇ ಇರುತ್ತದೆ.

ಆದರೆ ಆಲ್ಟರ್ನೇಟರಿನಲ್ಲಿ ಹುಟ್ಟುವುದು ಹಿಂದೆ ಮುಂದೆ ತೂಗಾಡುವ ಪರ್ಯಾಯ ಪ್ರವಾಹ. ಬ್ಯಾಟರಿಗೆ ಬೇಕಾದುದು ಒಂದೇ ದಿಕ್ಕಿನ ಪ್ರವಾಹ. ಇಲ್ಲಿ ಡಯೋಡುಗಳ ಕೆಲಸ. ಅಡಿಕೆ ತೋಟಕ್ಕೆ ನೀರು ಹಾಯಿಸುವವರಿಗೆ ಪಂಪಿನ ಫುಟ್‌ವಾಲ್ವು ಗೊತ್ತು: ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಡಯೋಡೆಂಬುದು ವಿದ್ಯುತ್ತಿನ ಫುಟ್‌ವಾಲ್ವು. ಕಾರಿನ ಆಲ್ಟರ್ನೇಟರಿನಲ್ಲಿ ಸಾಮಾನ್ಯವಾಗಿ ಇಂಥ ಆರು ಮುಖ್ಯ ಡಯೋಡುಗಳಿರುತ್ತವೆ. ಸಿಲಿಕಾನಿನ ಗಟ್ಟಿ ಡಯೋಡುಗಳು ಅಗ್ಗವಾಗಿ ಸಿಗತೊಡಗಿದ ಮೇಲೆಯೇ ಆಲ್ಟರ್ನೇಟರು ಸಾಮಾನ್ಯ ಕಾರುಗಳಿಗೆ ಬಂದಿತು. ಅಮೆರಿಕದ ಕ್ರೈಸ್ಲರ್ ಕಂಪೆನಿಯವರು 1960ರ ವೇಲಿಯಂಟ್ ಕಾರಿನಲ್ಲಿ ಅದನ್ನು ಅಳವಡಿಸಿದರು. ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರುಗಳಿಗೆ ಅದು ಬಂದುದು ಆ ದಶಕದ ಉತ್ತರಾರ್ಧದಲ್ಲಿ. ನಮ್ಮ ಅಂಬಾಸಿಡರ್, ಫಿಯಟ್ ಗಾಡಿಗಳಲ್ಲಿ ಡೈನಮೊ ಇನ್ನೂ ಬಹುಕಾಲ ಉಳಿದಿತ್ತು.

ಮಳೆಗಾಲದ ರಾತ್ರಿಯ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಎರಡು ದೊಡ್ಡ ದೀಪಗಳಿಗೆ 8ರಿಂದ 10 ಆಂಪಿಯರು. ಹಿಂದಿನ ಮತ್ತು ಬದಿಯ ದೀಪಗಳಿಗೆ 2 ಅಥವಾ 3. ವೈಪರಿಗೆ 3 ಅಥವಾ 4. ಇಂಜಿನಿನ ಕಿಡಿಗೆ 3 ಅಥವಾ 4. ಗಾಜಿನ ಮಂಜು ಬಿಡಿಸುವ ಫ್ಯಾನು, ರೇಡಿಯೋ ಸೇರಿದರೆ ಇನ್ನೂ ಸ್ವಲ್ಪ. ಒಟ್ಟು 20 ಆಂಪಿಯರಿನಷ್ಟು. ಇಂಗ್ಲಿಷ್ ಕಾರುಗಳಲ್ಲಿ ಬಹಳವಾಗಿ ಬಳಕೆಯಲ್ಲಿದ್ದ ಲ್ಯೂಕಾಸ್ ಸಿ40 ಎಂಬ ಡೈನಮೊ ಗರಿಷ್ಠ ಕೊಡುತ್ತಿದ್ದುದು 22 ಆಂಪಿಯರು. ಅದೂ ಇಂಜಿನು ವೇಗವಾಗಿ ತಿರುಗುವಾಗ. ಅದರ ನಂತರದ 16 ಎ.ಸಿ.ಆರ್. ಆಲ್ಟರ್ನೇಟರು 34 ಆಂಪಿಯರು ಕೊಡಬಲ್ಲುದು. ಆಲ್ಟರ್ನೇಟರು ಪೂರ್ತಿ ನಿಂತರೆ ಭಾರವೆಲ್ಲ ಬ್ಯಾಟರಿಯ ಮೇಲೆ ಬೀಳುತ್ತದೆ. 40 ಆಂಪಿಯರ್-ಗಂಟೆಯ ಬ್ಯಾಟರಿ ಲೆಕ್ಕದ ಮೇಲೆ ಎರಡು ಗಂಟೆ ಬರಬೇಕು. ಆದರೆ ದೀಪಗಳು ಹಳದಿಯಾಗಲು ಅಷ್ಟು ಹೊತ್ತು ಬೇಡ. ಹಳೆಯ ಬ್ಯಾಟರಿಯಾದರೆ ಘಾಟಿಯ ತಲೆಯಲ್ಲಿ ಇದ್ದ ಬೆಳಕು ಬುಡದಲ್ಲಿ ಇರುವುದಿಲ್ಲ.

ಇನ್ನು ರಕ್ಷಣೆಯ ಮಾತು. ಮೊದಲನೆಯ ಶತ್ರು ನೀರು ಮತ್ತು ಕೆಸರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ. ಅದರ ಬಹುಪಾಲು ಸುರಿಯುವುದು ಜೂನಿನಿಂದ ಸೆಪ್ಟೆಂಬರಿನವರೆಗೆ. ಬಂಟ್ವಾಳದವರಿಗೆ ನೇತ್ರಾವತಿಯ 1923ರ ನೆರೆಯ ಕಥೆ ಹಿರಿಯರಿಂದ ಬಂದಿದೆ. 1974ರ ನೆರೆಯನ್ನು ಕಣ್ಣಾರೆ ಕಂಡವರು ಈಗಲೂ ಇದ್ದಾರೆ. ಅಷ್ಟು ದೊಡ್ಡ ನೆರೆಯೇ ಬರಬೇಕೆಂದಿಲ್ಲ. ಗದ್ದೆಯ ಬದಿಯ ತಗ್ಗಿನಲ್ಲಿ ಮೊಣಕಾಲಿನವರೆಗೆ ನಿಂತ ನೀರು ಸಾಕು. ಸ್ಪೋರ್ಟ್ಸ್ ಕಾರುಗಳು ನೆಲಕ್ಕೆ ಹತ್ತಿರ. ಆಲ್ಟರ್ನೇಟರು ಇಂಜಿನಿನ ಪಕ್ಕದಲ್ಲಿ ಕೆಳಗೇ ಕುಳಿತಿರುತ್ತದೆ. ಬಿಸಿಯಾದ ಯಂತ್ರದೊಳಗೆ ಮುರಕಲ್ಲಿನ ಕೆಂಪು ಕೆಸರು ನುಗ್ಗಿದರೆ ಬೇರಿಂಗಿನ ಗ್ರೀಸು ತೊಳೆದುಹೋಗುವುದು. ಬ್ರಷ್ಷುಗಳು ಗೂಡಿನಲ್ಲಿ ಅಂಟಿಕೊಳ್ಳುವುವು. ಅದಕ್ಕಾಗಿ ತಯಾರಕರು ಇಂಜಿನಿನ ಕೆಳಗೆ ಕೊಟ್ಟ ತಗಡಿನ ಅಥವಾ ರಬ್ಬರಿನ ತಡೆಯನ್ನು ಕಳಚಿ ಎಸೆಯಬಾರದು. ಹೋಗಿದ್ದರೆ ಮತ್ತೆ ಹಾಕಿಸಬೇಕು. ಇಂಜಿನನ್ನು ತೊಳೆಯುವಾಗ ಆಲ್ಟರ್ನೇಟರಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ತೊಳೆದ ಮೇಲೆ ಮರೆಯದೆ ಬಿಚ್ಚಬೇಕು. ಅತಿ ಒತ್ತಡದ ನೀರಿನ ಕೊಳವೆಯನ್ನು ಅದರ ಕಡೆಗೆ ತಿರುಗಿಸಲೇಬಾರದು. ಮಳೆಯಿಂದ ಕಾಪಾಡಲೆಂದು ಓಡುವ ಗಾಡಿಯ ಆಲ್ಟರ್ನೇಟರಿಗೆ ಹೊದಿಕೆ ಹೊದಿಸುವವರುಂಟು; ಅದು ದೊಡ್ಡ ತಪ್ಪು. ಗಾಳಿ ಆಡದಿದ್ದರೆ ಅದು ತನ್ನ ಬಿಸಿಗೆ ತಾನೇ ಬೇಯುತ್ತದೆ.

ಎರಡನೆಯದು ಬೆಲ್ಟು. ಬಹುಪಾಲು ಹಳೆಯ ಕಾರುಗಳಲ್ಲಿ ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ತಿರುಗಿಸುವುದು ಒಂದೇ ಬೆಲ್ಟು. ಅದು ತುಂಡಾದರೆ ಚಾರ್ಜೂ ಇಲ್ಲ, ಇಂಜಿನಿಗೆ ತಂಪೂ ಇಲ್ಲ. ಎರಡು ಚಕ್ರಗಳ ನಡುವಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಅರ್ಧ ಅಂಗುಲ, ಎಂದರೆ 12 ಮಿಲಿಮೀಟರಿನಷ್ಟು, ಬಗ್ಗಬೇಕು. ಸಡಿಲವಿದ್ದರೆ ಒದ್ದೆಯಾದಾಗ ಜಾರಿ ಕಿರಿಚುತ್ತದೆ. ಅತಿ ಬಿಗಿಯಾದರೆ ಬೇರಿಂಗು ಸವೆಯುತ್ತದೆ. ಬಿಗಿಮಾಡುವಾಗ ಸಲಾಕೆಯನ್ನು ಆಲ್ಟರ್ನೇಟರಿನ ಹಿಂಭಾಗಕ್ಕೆ ಊರಿ ಮೀಟಬಾರದು. ಆ ಕವಚ ಅಲ್ಯೂಮಿನಿಯಮ್ಮಿನದು, ಒಡೆಯುತ್ತದೆ. ಬೆಲ್ಟಿನ ಚಕ್ರವಿರುವ ಮುಂದಿನ ತುದಿಗೆ ಮಾತ್ರ ಊರಬೇಕು. ಹೊಸ ಬೆಲ್ಟು ಹಾಕಿದರೆ ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಬಿಗಿಮಾಡಬೇಕು. ಒಂದು ಹೆಚ್ಚಿನ ಬೆಲ್ಟೂ ಸರಿಯಾದ ಅಳತೆಯ ಸ್ಪ್ಯಾನರುಗಳೂ ಗಾಡಿಯಲ್ಲಿ ಯಾವಾಗಲೂ ಇರಲಿ.

ಮೂರನೆಯದು ತಂತಿಯ ಕೂಡುಗಳು. ವಿದ್ಯುತ್ತು ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋದರಾಯಿತೆ? ಹಿಂದಿರುಗುವ ದಾರಿಯೂ ಬೇಕಷ್ಟೆ. ಆ ದಾರಿ ಇಂಜಿನಿನ ಲೋಹವೂ ಕಾರಿನ ಒಡಲೂ ಆಗಿವೆ. ಇವೆರಡನ್ನೂ ಜೋಡಿಸುವುದು ಹೆಣೆದ ತಾಮ್ರದ ಒಂದು ಪಟ್ಟಿ. ಇದನ್ನು ಮೆಕ್ಯಾನಿಕರು ಅರ್ತ್ ಪಟ್ಟಿ ಎನ್ನುತ್ತಾರೆ. ನಮ್ಮ ಕರಾವಳಿಯ ತೇವದ ಗಾಳಿಗೆ ಇದು ಹಸಿರುಗಟ್ಟಿ ನಾರಿನಂತೆ ಉದುರುತ್ತದೆ. ಅದನ್ನು ಬಿಚ್ಚಿ, ಕೂಡುವ ಜಾಗವನ್ನು ಮರಳುಕಾಗದದಿಂದ ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿದು, ಮೇಲೆ ವ್ಯಾಸಲಿನ್ ಸವರಬೇಕು. ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ ಬಿಳಿಯ ಹಿಟ್ಟನ್ನು ಅಡಿಗೆ ಸೋಡ ಬೆರೆಸಿದ ಬೆಚ್ಚನೆಯ ನೀರಿನಿಂದ ತೊಳೆಯಬೇಕು. ಆ ನೀರು ಬ್ಯಾಟರಿಯೊಳಗೆ ಹೋಗದಂತೆ ಎಚ್ಚರವಿರಲಿ. ಕೆಟ್ಟಿತೆಂದು ಬದಲಾಯಿಸಿದ ಎಷ್ಟೋ ಆಲ್ಟರ್ನೇಟರುಗಳು ನಿಜವಾಗಿ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ಈ ಪಟ್ಟಿ.

ನಾಲ್ಕನೆಯದು ನಮ್ಮ ಕೈ. ಇಂಜಿನು ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಎಂದಿಗೂ ಕಳಚಬಾರದು. ತುಂಬಿ ಹರಿಯುವ ತೋಡಿಗೆ ಹಠಾತ್ತಾಗಿ ಕಟ್ಟ ಹಾಕಿದರೆ ನೀರು ಏರಿ ದಂಡೆ ಒಡೆಯುವಂತೆ, ಹೋಗಲು ಜಾಗವಿಲ್ಲದ ವಿದ್ಯುತ್ತಿನ ಒತ್ತಡ ಒಮ್ಮೆಗೇ ಏರಿ ಡಯೋಡುಗಳನ್ನು ಸುಡುತ್ತದೆ. ಬ್ಯಾಟರಿಯನ್ನು ತಿರುವುಮುರುವಾಗಿ ಜೋಡಿಸಿದರೂ ಕ್ಷಣದಲ್ಲಿ ಅದೇ ಗತಿ. ಹಳೆಯ ಇಂಗ್ಲಿಷ್ ಕಾರುಗಳಲ್ಲಿ ಒಂದು ವಿಶೇಷವುಂಟು: ಡೈನಮೊ ಇದ್ದ ಅನೇಕ ಗಾಡಿಗಳಲ್ಲಿ ಒಡಲಿಗೆ ಕೂಡಿಸುತ್ತಿದ್ದುದು ಬ್ಯಾಟರಿಯ ಧನಧ್ರುವವನ್ನು, ಈಗಿನ ಗಾಡಿಗಳಲ್ಲಿ ಕೂಡಿಸುವುದು ಋಣಧ್ರುವವನ್ನು. ಇದನ್ನು ತಿಳಿಯದೆ ಇನ್ನೊಂದು ಗಾಡಿಯ ಬ್ಯಾಟರಿಯಿಂದ ತಂತಿ ಎಳೆದು ಸ್ಟಾರ್ಟು ಮಾಡಹೊರಟರೆ ಅನಾಹುತವಾಗುತ್ತದೆ. ಕಾರಿನ ಒಡಲಿಗೆ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿಯ ತಂತಿಯನ್ನೂ ಆಲ್ಟರ್ನೇಟರಿನ ತಂತಿಗಳನ್ನೂ ಕಳಚಿಡಬೇಕು. ಪೂರ್ತಿ ಬರಿದಾದ ಬ್ಯಾಟರಿಯನ್ನು ತುಂಬಿಸುವ ಕೆಲಸವನ್ನು ಆಲ್ಟರ್ನೇಟರಿಗೆ ಒಪ್ಪಿಸಬಾರದು. ಮೊದಲು ಚಾರ್ಜರಿನಿಂದ ತುಂಬಿಸಿ, ಆಮೇಲೆ ಗಾಡಿ ತೆಗೆಯುವುದು ಲೇಸು.

ತಿಂಗಳಿಗೊಮ್ಮೆ ಮಾಡತಕ್ಕ ಪರೀಕ್ಷೆ ಹತ್ತು ನಿಮಿಷದ್ದು. ಇದಕ್ಕೆ ಒಂದು ಸಾಧಾರಣ ಮೀಟರು ಸಾಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ, 12 ವೋಲ್ಟಿನ ಒಳ್ಳೆಯ ಬ್ಯಾಟರಿ 12.6 ವೋಲ್ಟಿನಷ್ಟು ತೋರಿಸಬೇಕು. ಇಂಜಿನು ಹದವಾದ ವೇಗದಲ್ಲಿ ಓಡುತ್ತಿರುವಾಗ 13.8ರಿಂದ 14.5ರವರೆಗೆ ಇರಬೇಕು. ದೊಡ್ಡ ದೀಪ ಹಚ್ಚಿದೊಡನೆ 13ಕ್ಕಿಂತ ಕೆಳಗೆ ಇಳಿದರೆ ಚಾರ್ಜು ಸಾಲದು. 15ನ್ನು ದಾಟಿದರೆ ಒತ್ತಡವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರು ಕೆಟ್ಟಿದೆ. ಹಾಗೇ ಬಿಟ್ಟರೆ ಬ್ಯಾಟರಿ ಕುದಿದು ಬತ್ತುತ್ತದೆ. ಮೀಟರು ಇಲ್ಲದವರಿಗೂ ಒಂದು ಉಪಾಯವುಂಟು. ಬೆಳಗ್ಗೆ ಗಾಡಿ ತೆಗೆಯುವ ಮೊದಲು ಆಲ್ಟರ್ನೇಟರಿನ ಮೇಲೆ ಕೈಯಿಟ್ಟು ನೋಡಿ. ಇಂಜಿನು ತಣ್ಣಗಿದ್ದು ಅದೊಂದೇ ಬೆಚ್ಚಗಿದ್ದರೆ, ಡಯೋಡೊಂದು ಸೋರುತ್ತಿದೆ. ರಾತ್ರಿಯೆಲ್ಲ ಬ್ಯಾಟರಿಯ ವಿದ್ಯುತ್ತು ಹಿಂದಕ್ಕೆ ಹರಿದಿದೆ ಎಂದು ತಿಳಿಯಬೇಕು. ಫಲಕದ ಕೆಂಪು ದೀಪವನ್ನೂ ಗಮನಿಸಿ. ಕೀಲಿ ತಿರುಗಿಸಿದಾಗ ಹೊತ್ತಿ, ಇಂಜಿನು ಓಡಿದ ಮೇಲೆ ಪೂರ್ತಿ ಆರಬೇಕು. ಹೊತ್ತುವುದೇ ಇಲ್ಲವಾದರೆ ಬಲ್ಬನ್ನು ಬದಲಾಯಿಸಿ. ಅನೇಕ ಆಲ್ಟರ್ನೇಟರುಗಳಿಗೆ ಮೊದಲ ಚೇತನ ಸಿಗುವುದು ಆ ಬಲ್ಬಿನ ಮೂಲಕವೇ. ಮಂದವಾಗಿ ಮಿಣುಕುತ್ತಿದ್ದರೆ ಡಯೋಡಿನ ಮೇಲೆ ಸಂಶಯಪಡಿ.

ಎಲ್ಲಕ್ಕಿಂತ ಮೊದಲು ಎಚ್ಚರಿಸುವುದು ರೇಡಿಯೋ. ಇದನ್ನು ರೇಡಿಯೋ ಕೇಳುವ ಮನೆಯವರಿಗೆ ಒತ್ತಿ ಹೇಳಬೇಕೆನಿಸುತ್ತದೆ. ಆರು ಡಯೋಡುಗಳೂ ಸರಿಯಿದ್ದಾಗ ಹೊರಬರುವ ಪ್ರವಾಹ ಸುಮಾರಾಗಿ ಸಮವಾಗಿರುತ್ತದೆ. ಒಂದು ಕೆಟ್ಟರೆ ಅದರಲ್ಲಿ ಅಲೆಗಳೇಳುತ್ತವೆ. ಆ ಅಲೆ ರೇಡಿಯೋದೊಳಗೆ ಹೊಕ್ಕು ಕೊರಗಾಗಿ ಕೇಳಿಸುತ್ತದೆ. ಮಧ್ಯಮ ತರಂಗದಲ್ಲಿ ಇದು ಇನ್ನಷ್ಟು ಸ್ಪಷ್ಟ. ಪಟಪಟನೆ ಸಿಡಿಯುವ ಸದ್ದಾದರೆ ಅದು ಇಂಜಿನಿನ ಕಿಡಿಯದು. ಶ್ರುತಿಪೆಟ್ಟಿಗೆಯ ಎಳೆಯಂತೆ ಒಂದೇ ಸ್ವರ ಹಿಡಿದು, ವೇಗದೊಂದಿಗೆ ಏರಿಳಿಯುವುದಾದರೆ ಅದು ಆಲ್ಟರ್ನೇಟರಿನದು. ಕಾರಣ ಸಣ್ಣದೂ ಇರಬಹುದು: ಸದ್ದಡಗಿಸಲು ಆಲ್ಟರ್ನೇಟರಿಗೆ ಜೋಡಿಸಿದ ಪುಟ್ಟ ಕೆಪಾಸಿಟರು ಕೆಟ್ಟಿರಬಹುದು, ಅರ್ತ್ ಪಟ್ಟಿ ಸಡಿಲವಾಗಿರಬಹುದು. ಏನೇ ಇರಲಿ, ಹೊಸದಾಗಿ ಕೊರಗು ಕೇಳಿದರೆ ರೇಡಿಯೋವನ್ನು ನಿಲ್ಲಿಸದೆ ಕಾರಣವನ್ನು ಹುಡುಕತಕ್ಕದ್ದು.

ಡೈನಮೊ ಇರುವ ಹಳೆಯ ಗಾಡಿಗೆ ಆಲ್ಟರ್ನೇಟರು ಹಾಕಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವಿದೆ. ಮೋಟಾರು ಯುಗದ ಬೇರೆ ಬೇರೆ ಘಟ್ಟಗಳ ಗಾಡಿಗಳನ್ನು ಅಲ್ಲಿ ಸಾಲಾಗಿ ನೋಡಬಹುದು. ಹಾಗೆ ಇತಿಹಾಸದ ಸಾಕ್ಷಿಯಾಗಿ ನಿಲ್ಲುವ ಗಾಡಿಗೆ ಅದರ ಕಾಲದ ಡೈನಮೊವೇ ಭೂಷಣ. ಆದರೆ ಮೂಡಬಿದಿರೆಯಿಂದ ವೇಣೂರು, ಗುರುವಾಯನಕೆರೆಯ ದಾರಿಯಲ್ಲಿ ಮಳೆಯ ಸಂಜೆ ಮನೆಗೆ ಮರಳಬೇಕಾದ ಗಾಡಿಗೆ ಆಲ್ಟರ್ನೇಟರು ಹಾಕಿಸುವುದು ಅಪರಾಧವಲ್ಲ. ಹಾಗೆ ಮಾಡುವಾಗ ದಪ್ಪನೆಯ ತಂತಿ ಎಳೆಸಬೇಕು. ಧನಧ್ರುವ ಒಡಲಿಗಿದ್ದರೆ ಬದಲಾಯಿಸಬೇಕು. ಹಳೆಯ ರೆಗ್ಯುಲೇಟರು ಪೆಟ್ಟಿಗೆಯನ್ನು ಸಂಪರ್ಕದಿಂದ ತೆಗೆಯಬೇಕು. ಕಳಚಿದ ಡೈನಮೊವನ್ನು ಗುಜರಿಗೆ ಹಾಕದೆ, ಒರೆಸಿ, ಒಣಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿಡಿ. ಅದರ ಸುರುಳಿ ಸುತ್ತಬಲ್ಲ ಕೈಗಳು ಈಗ ವಿರಳವಾಗುತ್ತಿವೆ.

ಮಳೆಗಾಲವಿಡೀ ಕೊಟ್ಟಿಗೆಯಲ್ಲೇ ನಿಲ್ಲುವ ಗಾಡಿಗೂ ಆರೈಕೆ ಬೇಕು. ಐದು ನಿಮಿಷ ಇಂಜಿನು ಓಡಿಸಿ ನಿಲ್ಲಿಸಿದರೆ ಸ್ಟಾರ್ಟಿಗೆ ಖರ್ಚಾದಷ್ಟೂ ತುಂಬದೆ ಹೋಗಬಹುದು. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಿ. ಆಗದಿದ್ದರೆ, ಇಂಜಿನು ನಿಲ್ಲಿಸಿದ ಮೇಲೆ, ಬ್ಯಾಟರಿಯ ತಂತಿ ಕಳಚಿಡಿ. ಇಲಿಗಳ ಕಾಟವನ್ನೂ ಮರೆಯಬಾರದು. ತಂತಿಯ ಹೊದಿಕೆಯನ್ನು ಅವು ಕಡಿಯದ ಮನೆಯಿಲ್ಲ.

ಇಷ್ಟಾಗಿಯೂ ದಾರಿಯಲ್ಲಿ ಕೆಂಪು ದೀಪ ಹೊತ್ತಿದರೆ ಗಾಬರಿಯಾಗಬೇಡಿ. ಸುರಕ್ಷಿತವಾದ ಕಡೆ ನಿಲ್ಲಿಸಿ ಬೆಲ್ಟು ಇದೆಯೇ ನೋಡಿ. ಬೆಲ್ಟು ಹೋಗಿದ್ದರೆ ಮುಂದೆ ಓಡಿಸಬೇಡಿ. ಇಂಜಿನು ಕಾದು ಹಾಳಾದೀತು. ಬೆಲ್ಟು ಇದ್ದರೆ, ಫ್ಯಾನು ಮೊದಲಾದುವನ್ನೆಲ್ಲ ಆರಿಸಿ ಹತ್ತಿರದ ಊರಿಗೆ ಹೋಗಬಹುದು. ಹಗಲಾದರೆ ಬ್ಯಾಟರಿ ಬಹಳ ದೂರ ಒಯ್ಯುತ್ತದೆ. ರಾತ್ರಿಯಾದರೆ ಘಾಟಿಯನ್ನು ಹತ್ತುವ ಇಳಿಯುವ ಸಾಹಸ ಬೇಡ. ಎಲ್ಲ ರಾತ್ರಿಯೂ ಹಿಂದಿನಿಂದ ಬಸ್ಸು ಬರುವುದಿಲ್ಲ.

ಅಡಿಕೆಗೆ ಕೊಳೆರೋಗ ಬಂದ ಮೇಲೆ ಮದ್ದು ಬಿಡುವವನು ಜಾಣನಲ್ಲ. ಮಳೆ ಹಿಡಿಯುವ ಮುನ್ನವೇ ಬೋರ್ಡೋ ದ್ರಾವಣ ಸಿಂಪಡಿಸುವುದು ನಮ್ಮವರ ಪದ್ಧತಿ. ನನ್ನ ಸ್ನೇಹಿತರು ಈಗ ಅದೇ ವಾರದಲ್ಲಿ ಕಾರಿನ ಬೆಲ್ಟು, ಅರ್ತ್ ಪಟ್ಟಿ, ಬ್ಯಾಟರಿಯ ತುದಿಗಳನ್ನು ನೋಡಿಕೊಳ್ಳುತ್ತಾರೆ. ತೋಟದಲ್ಲಿ ಮದ್ದಿನ ಕೆಲಸ, ಅಂಗಳದಲ್ಲಿ ಮೋಟಾರಿನ ಕೆಲಸ. ಹೊರಡುವಾಗ ಮೊದಲು ರೇಡಿಯೋ ಹಚ್ಚಿ, ಎರಡು ನಿಲಯಗಳ ನಡುವೆ ಮುಳ್ಳು ನಿಲ್ಲಿಸಿ, ಆಕ್ಸಿಲರೇಟರನ್ನು ಮೆಲ್ಲನೆ ತುಳಿದು ಕಿವಿಗೊಡುತ್ತಾರೆ. ಕೊರಗು ಕೇಳದಿದ್ದರೆ ನಿಲಯಕ್ಕೆ ತಿರುಗಿಸಿ ಗಾಡಿ ಬಿಡುತ್ತಾರೆ.